ಅಂಗುಳಿನ ಹಿಂಭಾಗದಲ್ಲಿ ಒಂದೇ ಕಡೆ ನೋವು, ರಿಪೋರ್ಟಿನಲ್ಲಿ ‘ಮೂಳೆ ಉದ್ದ’ ಅಂತ ಬಂದಿದೆ. ಆಪರೇಷನ್ ಮಾಡಿಸಲೇಬೇಕಾ?

ಗಣಿತದ ಟೀಚರ್, ತಿಪಟೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದಿ.

ನನಗೆ ನಲವತ್ತಾರು ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಗೌರಿ ಹಬ್ಬ ಕಳೆದ ಮೇಲೆ ಬಾಯಿಯ ಒಳಗೆ ಬಲಗಡೆ ನೋವು ಶುರುವಾಯಿತು. ಮೇಲಿನ ಸಾಲಿನ ಕೊನೆಯ ಹಲ್ಲು ಮುಗಿದು, ಗಟ್ಟಿ ಅಂಗುಳು ಹೋಗಿ ಮೆತ್ತಗಿನ ಅಂಗುಳು ಬರುತ್ತದಲ್ಲ, ಸರಿಯಾಗಿ ಅಲ್ಲಿ. ನುಂಗಿದರೆ ನೋವು. ಆಕಳಿಸಿದರೆ ಜಾಸ್ತಿ. ಬಲಕಿವಿ ಒಳಗೆ ಏನೋ ತುಂಬಿಕೊಂಡಂತೆ ಇರುತ್ತದೆ. ನೀರು ಹೋಗಿದೆಯಾ ಅಂತ ತಲೆ ವಾಲಿಸಿ ಕುಣಿದದ್ದೂ ಆಯಿತು. ಬೆಳಿಗ್ಗೆ ಪರವಾಗಿಲ್ಲ. ಮಧ್ಯಾಹ್ನದ ಪೀರಿಯಡ್ ಹೊತ್ತಿಗೆ ‘ಸಮಬಾಹು ತ್ರಿಭುಜ’ ಅನ್ನುವುದಕ್ಕೂ ಹಿಂಸೆ.

ಮೊದಲು ಗಂಟಲು ಡಾಕ್ಟರ್ ಹತ್ತಿರ ಹೋದೆ. ಮೂಗಿನಿಂದ ಕ್ಯಾಮೆರಾ ಬಿಟ್ಟು ನೋಡಿ, ಏನೂ ಇಲ್ಲ, ಆ್ಯಸಿಡಿಟಿ ಅಂದರು. ಖಾಲಿ ಹೊಟ್ಟೆಯ ಮಾತ್ರೆ ತಿಂದದ್ದೇ ಬಂತು. ಹಲ್ಲಿನ ಡಾಕ್ಟರ್ ಕೊನೆಯ ಹಲ್ಲು ತೆಗೆದು ನೋಡೋಣ ಅಂದರು. ಹುಳುಕಿಲ್ಲದ ಹಲ್ಲನ್ನು ‘ತೆಗೆದು ನೋಡುವುದು’ ನನಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದರು. ಸ್ಟೈಲಾಯ್ಡ್ ಅನ್ನುವ ಮೂಳೆ ಬಲಗಡೆ 34 ಮಿಲಿಮೀಟರ್, ಎಡಗಡೆ 37 ಮಿಲಿಮೀಟರ್ ಅಂತ ರಿಪೋರ್ಟ್. ‘ಈಗಲ್ ಸಿಂಡ್ರೋಮ್, ಮೂಳೆ ಕತ್ತರಿಸಬೇಕು’ ಅಂತ ಹೇಳಿ ಆಪರೇಷನ್ ಖರ್ಚಿನ ಚೀಟಿಯನ್ನೂ ಕೊಟ್ಟರು. ಆ ಡಾಕ್ಟರ್ ನನ್ನ ಬಾಯಿಯನ್ನು ಒಂದು ಸಲವೂ ನೋಡಲಿಲ್ಲ. ಕಂಪ್ಯೂಟರನ್ನೇ ನೋಡುತ್ತಿದ್ದರು.

ಈ ಆಪರೇಷನ್ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಹೋಗುತ್ತದಾ ನೋವು?

ಹಾರ್ಡ್‌ವೇರ್ ಅಂಗಡಿ, ಹುಬ್ಬಳ್ಳಿ

ಟೀಚರ್, ನಾನು ಮಾಡಿಸಿಕೊಂಡಿದ್ದೇನೆ. ಬಲಗಡೆಯದು.

ನನಗೆ ಇದ್ದದ್ದು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಅನುಭವ. ನಾನು ಶುದ್ಧ ಸಸ್ಯಾಹಾರಿ. ಡಾಕ್ಟರ್ ‘ಯಾವಾಗ ಮೀನು ತಿಂದಿರಿ’ ಅಂತ ಕೇಳಿದಾಗ ಪಕ್ಕದಲ್ಲಿದ್ದ ನನ್ನ ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಊಟಕ್ಕಿಂತ ಸುಮ್ನೆ ಉಗುಳು ನುಂಗುವಾಗ ನೋವು ಜಾಸ್ತಿ. ಕಾರು ರಿವರ್ಸ್ ತೆಗೆಯಲು ಕುತ್ತಿಗೆ ತಿರುಗಿಸಿದರೆ ದವಡೆಯ ಕೆಳಗಿಂದ ಕಿವಿಯವರೆಗೆ ಚಳಕು. ಸಣ್ಣವನಿದ್ದಾಗ ಟಾನ್ಸಿಲ್ ತೆಗೆಸಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಆಮೇಲೆ ಗೊತ್ತಾಯಿತು.

ನನ್ನ ಡಾಕ್ಟರ್ ಗ್ಲೌಸ್ ಹಾಕಿಕೊಂಡು ಟಾನ್ಸಿಲ್ ಇದ್ದ ಗುಳಿಯಲ್ಲಿ ಬೆರಳಿಟ್ಟು ಒತ್ತಿದರು. ಕುರ್ಚಿಯಿಂದ ಎದ್ದುಬಿಟ್ಟೆ. ‘ಇದೇನಾ ನಿಮ್ಮ ನೋವು?’ ಅಂದರು. ಇದೇ ಅಂದೆ. ಎಡಗಡೆ ಒತ್ತಿದರು, ಏನೂ ಆಗಲಿಲ್ಲ. ಆಮೇಲೆ ಅಲ್ಲೇ ಮರಗಟ್ಟಿಸುವ ಸೂಜಿ ಕೊಟ್ಟರು. ಅರ್ಧ ಗಂಟೆ ನಾನು ರಾಜ. ಕುತ್ತಿಗೆ ಎತ್ತ ಬೇಕಾದರೂ ತಿರುಗಿಸಿದೆ. ಇಷ್ಟೆಲ್ಲ ಆದ ಮೇಲೆಯೇ ಸ್ಕ್ಯಾನ್‌ಗೆ ಬರೆದದ್ದು.

ಮೊದಲು ಕೆಲವು ತಿಂಗಳು ನರದ ನೋವಿಗೆ ಮಾತ್ರೆ ಕೊಟ್ಟರು. ನಿದ್ದೆ ಬಂತು, ನೋವು ಹೋಗಲಿಲ್ಲ. ಆಮೇಲೆ ಆಪರೇಷನ್, ಬಾಯಿಯ ಒಳಗಿಂದಲೇ. ಹೊರಗೆ ಗಾಯದ ಗುರುತಿಲ್ಲ. ಮೊದಲ ವಾರ ಮಾತ್ರ ಗಂಜಿ ನುಂಗುವುದೂ ಶಿಕ್ಷೆ. ಈಗ ಆ ಮುಳ್ಳು ಇಲ್ಲ. ತಣ್ಣನೆ ಗಾಳಿಗೆ ಒಮ್ಮೊಮ್ಮೆ ಬಿಗಿಯುತ್ತದೆ, ಅಷ್ಟೇ.

ಆದರೆ ನೀವು ಹೇಳಿದ ಜಾಗ ನನ್ನದಲ್ಲ. ನನ್ನದು ಇನ್ನೂ ಕೆಳಗೆ, ಹಿಂದೆ. ನಿಮಗೆ ಕುತ್ತಿಗೆ ತಿರುಗಿಸಿದರೆ ನೋವಾಗುತ್ತದಾ?

ಅಜ್ಜಿಮದ್ದು ಅಭಿಮಾನಿ

ಇದೆಲ್ಲ ಉಷ್ಣ. ಉಪ್ಪು ಅರಿಶಿನ ಹಾಕಿ ಬಿಸಿನೀರಲ್ಲಿ ಮುಕ್ಕಳಿಸಿ, ರಾತ್ರಿ ಮೆಂತ್ಯ ನೆನೆಸಿ ಕುಡಿಯಿರಿ. ಹೋಗದಿದ್ದರೆ ಬೆರಳಿಗೆ ಜೇನುತುಪ್ಪ ಹಚ್ಚಿಕೊಂಡು ಆ ಜಾಗವನ್ನು ಚೆನ್ನಾಗಿ ಉಜ್ಜಿ. ನಮ್ಮ ಅತ್ತೆಗೆ ಹೋಯಿತು.

ಓರಲ್ ಸರ್ಜನ್, ದಾವಣಗೆರೆ

ಮುಕ್ಕಳಿಸಿ, ಮೆಂತ್ಯನೂ ಕುಡಿಯಿರಿ, ತೊಂದರೆ ಇಲ್ಲ. ಉಜ್ಜುವುದು ಮಾತ್ರ ಬೇಡ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಟೀಚರ್, ನೀವು ಗಣಿತದವರು, ನಿಮ್ಮ ರಿಪೋರ್ಟನ್ನೇ ಲೆಕ್ಕವಾಗಿ ನೋಡಿ. ಎಡಗಡೆಯ ಮೂಳೆ ಬಲಗಡೆಗಿಂತ ಉದ್ದ ಇದೆ. ನೋವು ಇರುವುದು ಬಲಗಡೆ. ಉದ್ದವೇ ನೋವಿಗೆ ಕಾರಣ ಆಗಿದ್ದರೆ ಎಡಗಡೆ ಯಾಕೆ ಸುಮ್ಮನಿದೆ?

ಸ್ಟೈಲಾಯ್ಡ್ ಅಂದರೆ ಕಿವಿಯ ಕೆಳಗೆ ತಲೆಬುರುಡೆಯ ತಳದಿಂದ ಕೆಳಕ್ಕೂ ಮುಂದಕ್ಕೂ ಇಳಿಯುವ ತೆಳ್ಳನೆ ಚೂಪು ಮೂಳೆ. ಸಾಮಾನ್ಯವಾಗಿ 25 ಮಿಲಿಮೀಟರ್ ಆಸುಪಾಸು ಇರುತ್ತದೆ. 30 ದಾಟಿದರೆ ನಾವು ಉದ್ದ ಅನ್ನುತ್ತೇವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ವಾಟ್ ವೀಮ್ಸ್ ಈಗಲ್ 1937ರಲ್ಲಿ ಇದರ ತೊಂದರೆಗಳನ್ನು ವಿವರಿಸಿದರು, ಹಾಗಾಗಿ ಆ ಹೆಸರು. ನೂರು ಜನರಲ್ಲಿ ಸುಮಾರು ನಾಲ್ವರಿಗೆ ಈ ಮೂಳೆ ಉದ್ದ ಇರುತ್ತದೆ ಅಂತ ಈಗಲ್ ಅವರೇ ಅಂದಾಜಿಸಿದ್ದರು. ಅವರಲ್ಲಿ ನೋವು ಬರುವುದು ಕೆಲವರಿಗೆ ಮಾತ್ರ. ಉಳಿದವರು ಅದು ಇದೆ ಅಂತ ಗೊತ್ತೇ ಇಲ್ಲದೆ ಬದುಕು ಮುಗಿಸುತ್ತಾರೆ. ಬೇರೆ ಯಾವುದೋ ಕಾರಣಕ್ಕೆ ದವಡೆಯ ಎಕ್ಸ್‌ರೇ ತೆಗೆದಾಗ ಇಂಥ ಉದ್ದ ಮೂಳೆಗಳು ನಮಗೆ ಎಷ್ಟೋ ಸಲ ಕಣ್ಣಿಗೆ ಬೀಳುತ್ತವೆ. ರೋಗಿಗೆ ಹೇಳುವುದೂ ಇಲ್ಲ. ಹೇಳಿದರೆ ಸಂಜೆಯಿಂದ ನೋವು ಶುರುವಾಗುತ್ತದೆ!

ಸ್ಕ್ಯಾನ್ ಬರೆದವರು ಸುಳ್ಳು ಬರೆದಿಲ್ಲ. ಮೂಳೆ ಉದ್ದ ಇದೆ, ನಿಜ. ಅದು ನಿಮ್ಮ ನೋವಿನ ಮೂಳೆಯಾ ಅನ್ನುವುದನ್ನು ಸ್ಕ್ಯಾನ್ ಹೇಳುವುದಿಲ್ಲ. ಹುಬ್ಬಳ್ಳಿಯವರ ಡಾಕ್ಟರ್ ಮಾಡಿದ್ದು ಸರಿಯಾದ ಕ್ರಮ. ಮೊದಲು ಬೆರಳು, ಆಮೇಲೆ ಸೂಜಿ, ಆಮೇಲೆ ಚಿತ್ರ.

ನಿಮ್ಮ ಕಥೆಯಲ್ಲಿ ನನಗೆ ಬೇರೆ ಒಂದು ಮೂಳೆಯ ಮೇಲೆ ಅನುಮಾನ. ಹೆಸರು ಹ್ಯಾಮುಲಸ್, ಮೇಲಿನ ಕೊನೆಯ ಹಲ್ಲಿನ ಹಿಂದೆ, ಸ್ವಲ್ಪ ಒಳಗಡೆಗೆ ಇರುವ ಸಣ್ಣ ಕೊಕ್ಕೆ. ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ ಸಾಮಾನ್ಯವಾಗಿ. ಮೆತ್ತಗಿನ ಅಂಗುಳನ್ನು ಬಿಗಿ ಮಾಡುವ ಒಂದು ಸ್ನಾಯು ಮೇಲಿಂದ ಇಳಿದು ಬಂದು, ಬಾವಿಯ ರಾಟೆಯ ಮೇಲೆ ಹಗ್ಗ ತಿರುಗಿದ ಹಾಗೆ ಈ ಕೊಕ್ಕೆಯನ್ನು ಸುತ್ತಿ ಅಡ್ಡಕ್ಕೆ ಹೋಗುತ್ತದೆ. ಅದು ಮೂಳೆಗೆ ಉಜ್ಜದಿರಲಿ ಅಂತ ನಡುವೆ ದ್ರವ ತುಂಬಿದ ಪುಟ್ಟ ಚೀಲ ಇರುತ್ತದೆ. ಆ ಚೀಲ ಊದಿಕೊಂಡರೆ ನುಂಗುವಾಗ, ಆಕಳಿಸುವಾಗ ಪ್ರತಿ ಸಲವೂ ನೋವು. ಇದೇ ಸ್ನಾಯು ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ನಳಿಕೆಯನ್ನು ತೆರೆಯುವ ಕೆಲಸವನ್ನೂ ಮಾಡುತ್ತದೆ. ನಿಮ್ಮ ಕಿವಿ ತುಂಬಿಕೊಂಡಂತೆ ಅನಿಸುವುದಕ್ಕೆ ಇದು ಕಾರಣ ಇರಬಹುದು.

ಇದು ಯಾಕೆ ಊದಿಕೊಳ್ಳುತ್ತದೆ? ನಾನು ನೋಡಿದ್ದರಲ್ಲಿ ಜಾಸ್ತಿ ವಯಸ್ಸಾದವರು. ಮೇಲಿನ ಹಲ್ಲುಸೆಟ್ಟು ಹಿಂದಕ್ಕೆ ಉದ್ದ ಆಗಿ ಅದರ ಅಂಚು ಒತ್ತುತ್ತಿರುತ್ತದೆ. ಸೆಟ್ಟಿನ ಅಂಚು ತುಸು ಉಜ್ಜಿ ಕೊಟ್ಟರೆ ಹೋಗುತ್ತದೆ, ಔಷಧಿಯೇ ಬೇಡ. ಗಟ್ಟಿ ತಿಂಡಿ ಚುಚ್ಚಿ ಆಗಬಹುದು. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುವ ಅಭ್ಯಾಸದಿಂದ ಆಗಬಹುದು. ಆಪರೇಷನ್ ಹೊತ್ತಿಗೆ ಗಂಟಲಿಗೆ ನಳಿಕೆ ಹಾಕುವಾಗ ತಗುಲಿ ಆಗಬಹುದು. ಕೆಲವರಿಗೆ ಕೊಕ್ಕೆಯೇ ಹುಟ್ಟಿನಿಂದ ಉದ್ದ ಇರುತ್ತದೆ.

ನಿಮಗೆ ಕೆಲವು ಪ್ರಶ್ನೆ. ನೋವು ಶುರುವಾಗುವ ಮೊದಲು ಅಲ್ಲಿಗೆ ಏನಾದರೂ ಚುಚ್ಚಿತ್ತಾ? ಕುತ್ತಿಗೆ ತಿರುಗಿಸಿದರೆ ನೋವಾ? ಶುಗರ್ ಇದೆಯಾ? ಎಲೆ ಅಡಿಕೆ, ತಂಬಾಕು, ಗುಟ್ಕಾ ಏನಾದರೂ? ಅಲ್ಲಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು, ತೂಕ ಇಳಿದದ್ದು, ಉಗುಳಿನಲ್ಲಿ ರಕ್ತ? ಒಂದೇ ಕಡೆ ಗಂಟಲು ನೋವು ಮತ್ತು ಅದೇ ಕಡೆ ಕಿವಿನೋವು ಅಂದಾಗ ನಾವು ಮೊದಲು ಹೆದರುವುದು ಕ್ಯಾನ್ಸರ್‌ಗೇ. ಎರಡು ಮೂರು ವಾರಕ್ಕೆ ಮಾಯದ ಹುಣ್ಣಿದ್ದರೆ ಹ್ಯಾಮುಲಸ್ಸೂ ಬೇಡ, ಈಗಲ್ಲೂ ಬೇಡ. ಮೊದಲು ಅದರ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು. ನಮ್ಮ ಕಡೆ ಅಡಿಕೆ ಅಗಿಯುವವರಲ್ಲಿ ಅಂಗುಳು ಬಿಳಿಚಿ ಗಟ್ಟಿಯಾಗಿ, ಖಾರ ತಗುಲಿದರೆ ಉರಿದು, ಬಾಯಿ ಪೂರ್ತಿ ತೆರೆಯಲು ಬಾರದೆ ಇರುವವರು ದಿನಾ ಬರುತ್ತಾರೆ. ಅದು ಅಪರೂಪದ ಕಾಯಿಲೆ ಅಲ್ಲವೇ ಅಲ್ಲ.

ಗಣಿತದ ಟೀಚರ್, ತಿಪಟೂರು

ಸರ್, ಎಡಗಡೆಯ ಮಾತು ಓದಿ ರಿಪೋರ್ಟನ್ನು ಮತ್ತೆ ತೆಗೆದು ನೋಡಿದೆ. 37 ಎಡಗಡೆಯದೇ.

ಚುಚ್ಚಿದ್ದು ಹೌದು! ಹಬ್ಬಕ್ಕೆ ಮಾಡಿದ ಚಕ್ಕುಲಿ. ಒಂದು ಒಬ್ಬೆ ಕಲ್ಲಿನಷ್ಟು ಗಟ್ಟಿಯಾಗಿತ್ತು. ಬಾಗಿನ ಕೊಡುವ ಗಡಿಬಿಡಿಯಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡು ಕಚ್ಚಿದಾಗ ಮುರಿದ ತುದಿ ಸರಕ್ಕನೆ ಮೇಲಕ್ಕೆ ಚುಚ್ಚಿತು. ಸ್ವಲ್ಪ ರಕ್ತ ಬಂತು. ಮಾರನೇ ದಿನ ಗಾಯ ಕಾಣಲಿಲ್ಲ. ಯಾವ ಡಾಕ್ಟರೂ ಕೇಳಲಿಲ್ಲ, ಹಾಗಾಗಿ ನೆನಪೂ ಆಗಲಿಲ್ಲ.

ಕುತ್ತಿಗೆ ತಿರುಗಿಸಿದರೆ ಏನೂ ಆಗುವುದಿಲ್ಲ. ಶುಗರ್ ಇಲ್ಲ. ಎಲೆ ಅಡಿಕೆ ಮದುವೆ ಊಟದಲ್ಲಿ ಮಾತ್ರ. ಹುಣ್ಣು, ಗಂಟು, ರಕ್ತ ಯಾವುದೂ ಇಲ್ಲ. ತೂಕ ಇಳಿದರೆ ಖುಷಿಪಡುತ್ತಿದ್ದೆ, ಇಳಿದಿಲ್ಲ.

ಆದರೆ ಒಂದು ಹೆದರಿಕೆ. ನೀವು ಹೇಳಿದ ಮೇಲೆ ಕನ್ನಡಿ ಮುಂದೆ ನಿಂತು ಕಿರುಬೆರಳಿಂದ ಮುಟ್ಟಿ ನೋಡಿದೆ. ಅಲ್ಲಿ ಗಟ್ಟಿಯಾಗಿ ಒಂದು ಉಬ್ಬು ಸಿಕ್ಕಿತು. ಗಡ್ಡೆಯಾ?

ಓರಲ್ ಸರ್ಜನ್, ದಾವಣಗೆರೆ

ಎಡಗಡೆನೂ ಮುಟ್ಟಿ ನೋಡಿ. ಅಲ್ಲೂ ಸಿಗಬೇಕು. ಅದೇ ಕೊಕ್ಕೆಯ ತುದಿ, ಎಲ್ಲರಿಗೂ ಇರುತ್ತದೆ. ಇದನ್ನು ಗಡ್ಡೆ ಅಂದುಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟು ಬರುವವರು ನಮ್ಮ ಒಪಿಡಿಗೆ ಆಗಾಗ ಬರುತ್ತಾರೆ. ಒಂದು ಸಲ ನೋಡಿ ಬಿಟ್ಟುಬಿಡಿ. ದಿನಾ ಒತ್ತಿ ಒತ್ತಿ ನೋಡಿದರೆ ಇರುವ ಊತವೂ ಇಳಿಯುವುದಿಲ್ಲ. ಜೇನುತುಪ್ಪದ ಸಲಹೆಯನ್ನು ನಾನು ಬೇಡ ಅಂದದ್ದು ಅದಕ್ಕೇ. ಎರಡೂ ಕಡೆ ಒಂದೇ ತರಹ ಇಲ್ಲದಿದ್ದರೆ, ಅಥವಾ ಮೇಲಿನ ಚರ್ಮ ಒರಟಾಗಿದ್ದರೆ, ಆಗ ತಡಮಾಡದೆ ತೋರಿಸಿ.

ಮುಂದೆ ಮಾಡಬೇಕಾದದ್ದು ಇಷ್ಟು. ಓರಲ್ ಸರ್ಜನ್ ಹತ್ತಿರ ಹೋಗಿ, ‘ಇಲ್ಲಿ ಒತ್ತಿ ನೋಡಿ’ ಅಂತ ಬೆರಳಿಟ್ಟು ತೋರಿಸಿ. ನಾಚಿಕೆ ಬೇಡ. ಯಾವ ದಂತ ಕಾಲೇಜಿನಲ್ಲೂ ಈ ವಿಭಾಗ ಇರುತ್ತದೆ. ಬೆಂಗಳೂರಿಗೇ ಹೋಗುವುದಾದರೆ ಕೋಟೆ ಹತ್ತಿರ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ದಂತ ಕಾಲೇಜು ಇದೆ. ಹತ್ತಿ ಸುತ್ತಿದ ಕಡ್ಡಿಯಿಂದಲೋ ಬೆರಳಿಂದಲೋ ಕೊಕ್ಕೆಯ ಮೇಲೆ ಒತ್ತಿದಾಗ ನಿಮ್ಮ ಅದೇ ನೋವು, ಕಿವಿಯವರೆಗೆ ಹೋಗುವುದು ಸಮೇತ, ಬಂದರೆ ಅರ್ಧ ಉತ್ತರ ಸಿಕ್ಕಿತು. ಆಮೇಲೆ ಅಲ್ಲೇ ಒಂದಿಷ್ಟು ಲಿಗ್ನೋಕೇನ್ ಕೊಡುತ್ತಾರೆ, ಹಲ್ಲು ಕೀಳುವಾಗ ಕೊಡುವುದೇ. ಕೆಲವು ನಿಮಿಷದಲ್ಲಿ ನೋವು ನಿಂತರೆ ಉಳಿದ ಅರ್ಧವೂ ಸಿಕ್ಕಂತೆ. ಟಾನ್ಸಿಲ್ ಗುಳಿಯಲ್ಲಿ ಒತ್ತಿದಾಗ ಏನೂ ಆಗದಿದ್ದರೆ ಸ್ಟೈಲಾಯ್ಡನ್ನು ಅದರ ಪಾಡಿಗೆ ಬಿಡಿ.

ಒಂದು ಮಾತು ಸೇರಿಸುತ್ತೇನೆ. ಈ ಸೂಜಿಯ ಪರೀಕ್ಷೆ ಯಾವಾಗಲೂ ಕೊನೆಯ ತೀರ್ಪಲ್ಲ. ಟಾನ್ಸಿಲ್ ಜಾಗದಲ್ಲಿ ಮರಗಟ್ಟಿಸಿದರೆ ಸ್ಟೈಲಾಯ್ಡ್ ನೋವೂ ನಿಲ್ಲುತ್ತದೆ, ಅಲ್ಲಿಂದ ಹಾದುಹೋಗುವ ನರದ ನೋವೂ ನಿಲ್ಲುತ್ತದೆ. ಎರಡನ್ನೂ ಬೇರೆ ಮಾಡಲು ರೋಗಿಯ ಕಥೆಯನ್ನು ಕೂತು ಕೇಳಬೇಕು.

ಮಗ, ಮಂಗಳೂರು

ಸರ್ ಕೊನೆಗೆ ಹೇಳಿದ ನರದ ನೋವು ನಮ್ಮ ತಂದೆಗೆ ಇತ್ತು. ಬೇರೆ ಯಾರಿಗಾದರೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಟೀಚರ್ ಹೇಳಿದ ಹಾಗೆ ಇಡೀ ದಿನ ಇರುವ ನೋವಲ್ಲ ಅದು. ತಣ್ಣೀರು ಒಂದು ಗುಟುಕು ಕುಡಿದರೆ ನಾಲಿಗೆಯ ಬುಡದಿಂದ ಕಿವಿಗೆ ಕರೆಂಟ್ ಹೊಡೆದಂತೆ. ಕೆಲವು ಸೆಕೆಂಡು, ಜಾಸ್ತಿ ಅಂದರೆ ಒಂದೆರಡು ನಿಮಿಷ. ಆಮೇಲೆ ಏನೂ ಇಲ್ಲ. ಅಪ್ಪ ಉಗುಳು ನುಂಗುವುದಕ್ಕೂ ಹೆದರಿ ಲೋಟ ಹಿಡಿದುಕೊಂಡು ಓಡಾಡುತ್ತಿದ್ದರು. ಒಂದು ದಿನ ಊಟಕ್ಕೆ ಕೂತವರು ನೋವು ಬಂದ ಕೂಡಲೇ ಕಣ್ಣು ಮೇಲೆ ಮಾಡಿ ವಾಲಿಬಿಟ್ಟರು. ಹಾರ್ಟ್ ಅಂತ ಓಡಿದೆವು. ಆ ನರಕ್ಕೂ ಹೃದಯದ ಬಡಿತವನ್ನು ನಿಧಾನ ಮಾಡುವ ನರಕ್ಕೂ ಸಂಪರ್ಕ ಇದೆಯಂತೆ. ನೋವು ಜೋರಾದಾಗ ಬಡಿತ ಬಿದ್ದು ಪ್ರಜ್ಞೆ ತಪ್ಪಿತು ಅಂತ ನರದ ಡಾಕ್ಟರ್ ವಿವರಿಸಿದರು.

ಕಾರ್ಬಮಾಜೆಪಿನ್ ಮಾತ್ರೆ ಶುರು ಮಾಡಿದರು. ಬೇಗನೆ ಗುಣ ಕಂಡಿತು. ಮೈಮೇಲೆ ದದ್ದು ಬಂದರೆ ಆ ಕ್ಷಣವೇ ಫೋನ್ ಮಾಡಿ ಅಂತ ಎಚ್ಚರಿಸಿದ್ದರು. ರಕ್ತದಲ್ಲಿ ಸೋಡಿಯಂ ಎಷ್ಟಿದೆ ಅಂತ ಆಗಾಗ ಪರೀಕ್ಷೆ ಮಾಡಿಸುತ್ತೇವೆ. ಎಮ್‌ಆರ್‌ಐನಲ್ಲಿ ತಲೆಯೊಳಗೆ ಒಂದು ರಕ್ತನಾಳ ಆ ನರಕ್ಕೆ ತಾಗುತ್ತಿರುವುದು ಕಂಡಿದೆ. ಮಾತ್ರೆ ಕೈಕೊಟ್ಟರೆ ರಕ್ತನಾಳವನ್ನು ಸರಿಸಿ ನಡುವೆ ಮೆತ್ತೆಯಂಥದ್ದು ಇಡುವ ಆಪರೇಷನ್ ಇದೆ ಅಂದಿದ್ದಾರೆ. ಎಪ್ಪತ್ತು ದಾಟಿದವರು, ಸದ್ಯಕ್ಕೆ ಬೇಡ ಅಂತ ನಾವೇ ನಿರ್ಧರಿಸಿದ್ದೇವೆ.

ಗಣಿತದ ಟೀಚರ್, ತಿಪಟೂರು

ಸಂಕ್ರಾಂತಿ ಕಳೆದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ಕಟ್ಟು ಬಿದ್ದಿತ್ತು.

ಹೋದೆ. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಾನು ಫೈಲ್ ಬಿಚ್ಚುವ ಮೊದಲೇ ‘ಬಾಯಿ ತೆಗೀರಿ, ಎಲ್ಲಿ ತೋರಿಸಿ’ ಅಂದರು. ಮೊದಲು ಎಡಗಡೆ ಒತ್ತಿದರು. ಆಮೇಲೆ ಟಾನ್ಸಿಲ್ ಹತ್ತಿರ ಎರಡೂ ಕಡೆ. ವಾಕರಿಕೆ ಬಂತು ಅಷ್ಟೇ. ಕೊನೆಗೆ ಬಲಗಡೆಯ ಆ ಉಬ್ಬು. ನಾನು ಅವರ ಕೈಯನ್ನೇ ಹಿಡಿದು ಎಳೆದುಬಿಟ್ಟೆ. ಸೂಜಿ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ನೀರು ಕೊಟ್ಟರು. ಕುಡಿದೆ. ನೋವಿಲ್ಲ. ಇನ್ನೊಂದು ಲೋಟ ಕೇಳಿ ಕುಡಿದೆ. ಅಂಗುಳು ಮರಗಟ್ಟಿ ನೀರು ಮೂಗಿಗೆ ಬಂದೀತು ಅಂತ ಹೆದರಿಸಿದ್ದರು, ಬರಲಿಲ್ಲ.

ಇನ್ನೊಂದು ದಿನ ಕರೆದು ಅದೇ ಜಾಗಕ್ಕೆ ಸ್ಟೆರಾಯ್ಡ್ ಸೂಜಿ ಕೊಟ್ಟರು. ಜೊತೆಗೆ ಊತದ ಮಾತ್ರೆ ಸ್ವಲ್ಪ ದಿನ. ಮೆತ್ತಗಿನ ಊಟ, ಆಕಳಿಕೆ ಬಂದರೆ ಗದ್ದಕ್ಕೆ ಕೈ ಕೊಟ್ಟು ತಡೆಯಬೇಕು, ಬಿಸಿಬಿಸಿ ಕಾಫಿ ಬೇಡ. ಕಾಫಿಯದೇ ಕಷ್ಟ ಆಯಿತು. ಹಬ್ಬಕ್ಕೆ ಎಳ್ಳು ಬೆಲ್ಲ ಎಡಗಡೆ ಅಗಿದೆ, ಕಬ್ಬು ಮುಟ್ಟಲಿಲ್ಲ.

ಈಗ ನೋವು ಮುಕ್ಕಾಲು ಪಾಲು ಹೋಗಿದೆ. ಕಿವಿ ಹಗುರಾಗಿದೆ. ಕೊನೆಯ ಪೀರಿಯಡ್ ಹೊತ್ತಿಗೆ ಇನ್ನೂ ಸ್ವಲ್ಪ ಎಳೆಯುತ್ತದೆ. ಪೂರ್ತಿ ಹೋಗದಿದ್ದರೆ ಈ ಕೊಕ್ಕೆಯನ್ನು ಕತ್ತರಿಸುತ್ತಾರಾ ಸರ್?

ಓರಲ್ ಸರ್ಜನ್, ದಾವಣಗೆರೆ

ಕತ್ತರಿಸುವುದುಂಟು. ಅಂಗುಳಿನ ಮೇಲೆ ಸಣ್ಣ ಗೀರು ಹಾಕಿ, ಸ್ನಾಯುವಿನ ಹಗ್ಗವನ್ನು ಪಕ್ಕಕ್ಕೆ ಸರಿಸಿ, ಕೊಕ್ಕೆಯ ತುದಿ ತೆಗೆಯುವುದು. ಕೊಕ್ಕೆ ತುಂಬಾ ಉದ್ದ ಇದ್ದವರಿಗೆ, ಸೂಜಿಯಿಂದ ಗುಣ ಬಂದು ಮತ್ತೆ ಮತ್ತೆ ಮರುಕಳಿಸುವವರಿಗೆ ಅದು. ಅಂಗುಳು ಬಿಗಿಯಾಗುವುದೂ ಕಿವಿಯ ನಳಿಕೆ ತೆರೆಯುವುದೂ ಅದೇ ಸ್ನಾಯುವಿನಿಂದ ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ. ನಿಮ್ಮದು ಇಳಿಯುತ್ತಿದೆ, ಇಳಿಯಲು ಬಿಡಿ. ಸ್ಟೆರಾಯ್ಡ್ ಸೂಜಿಯನ್ನು ನೀವೇ ಕೇಳಿ ಕೇಳಿ ಹಾಕಿಸಿಕೊಳ್ಳಬೇಡಿ. ಇದನ್ನು ಓದುತ್ತಿರುವ ಶುಗರ್ ಇರುವವರು ಸೂಜಿಗೆ ಮೊದಲು ಅದನ್ನು ಹೇಳಲೇಬೇಕು, ಕೆಲವು ದಿನ ಶುಗರ್ ಏರುತ್ತದೆ. ಕ್ಲಾಸಿನಲ್ಲಿ ಒಂದು ಮೈಕು ಕೇಳಿ ಹೆಡ್ಮಾಸ್ಟರನ್ನು.

ಹಾರ್ಡ್‌ವೇರ್ ಅಂಗಡಿ, ಹುಬ್ಬಳ್ಳಿ

ಟೀಚರ್‌ಗೆ ಒಳ್ಳೆಯದಾಯಿತು. ಸರ್, ನನ್ನದೊಂದು ಪ್ರಶ್ನೆ. ನನ್ನ ಎಡಗಡೆಯ ಸ್ಟೈಲಾಯ್ಡ್ ಕೂಡ ಉದ್ದ ಇದೆ, ಅದನ್ನು ತೆಗೆದಿಲ್ಲ. ನೋವಿಲ್ಲ. ಮುಂದೆ ಬರಬಾರದು ಅಂತ ಈಗಲೇ ತೆಗೆಸಿಬಿಡಲಾ?

ಓರಲ್ ಸರ್ಜನ್, ದಾವಣಗೆರೆ

ಬೇಡ. ನೋವಿಲ್ಲದ ಮೂಳೆಯನ್ನು ಮುಟ್ಟುವುದಿಲ್ಲ. ಆ ಜಾಗದಲ್ಲಿ ಮಿದುಳಿಗೆ ಹೋಗುವ ರಕ್ತನಾಳವೂ ಮುಖದ ನರವೂ ಹತ್ತಿರದಲ್ಲೇ ಇವೆ, ಸುಮ್ನೆ ಹೋಗಿ ಕೆಣಕುವ ಜಾಗ ಅಲ್ಲ. ಕುತ್ತಿಗೆ ಒಂದು ಕಡೆ ತಿರುಗಿಸಿದಾಗ ಕಣ್ಣು ಕತ್ತಲೆ ಬಂದರೆ, ತಲೆ ಸುತ್ತಿದರೆ, ಕೈಕಾಲು ಸೋತಂತೆ ಅಥವಾ ಮಾತು ತೊದಲಿದಂತೆ ಆದರೆ ಮಾತ್ರ ಆ ದಿನವೇ ಆಸ್ಪತ್ರೆಗೆ ಹೋಗಿ. ಮೂಳೆ ರಕ್ತನಾಳವನ್ನು ಒತ್ತುತ್ತಿರಬಹುದು, ಅದಕ್ಕೆ ಕುತ್ತಿಗೆಯ ರಕ್ತನಾಳದ ಸ್ಕ್ಯಾನ್ ಬೇರೆಯೇ ಇದೆ. ಅಲ್ಲಿಯವರೆಗೆ ಕಾರು ರಿವರ್ಸ್ ತೆಗೆಯುತ್ತಾ ಇರಿ.